ಕಾರವಾರದ ಫಲಕದಲ್ಲಿ ಹಿಮನದಿ!

ಮಾನ್ಯ ಸಂಪಾದಕರೇ,

ಕಾರವಾರದ ಕಡಲತೀರದಲ್ಲಿ ಹೊಸ ಮಾಹಿತಿ ಫಲಕ ಅನಾವರಣಗೊಂಡ ಸುದ್ದಿಯನ್ನು ನಿಮ್ಮ ಜಿಲ್ಲಾ ಪುಟದಲ್ಲಿ ಓದಿ, ಎಂಟನೇ ತರಗತಿಯ ಮಕ್ಕಳನ್ನು ಶನಿವಾರ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅಂಕೋಲೆಯಿಂದ ಹೊರಟ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸುಡು ಬಿಸಿಲಿನಲ್ಲಿ ನಡೆದು ಹೋಗಿ ನೋಡಿದರೆ ಫಲಕದಲ್ಲಿ ಬರೆದಿದ್ದೇನು? ಹಿಮಯುಗದ ಹಿಮನದಿಗಳು ಕಾರವಾರದ ಕೊಲ್ಲಿಯನ್ನೂ ಇಲ್ಲಿನ ಸಮುದ್ರತಳವನ್ನೂ ಕೊರೆದವಂತೆ! ಪಕ್ಕದಲ್ಲಿ ಪೆಂಗ್ವಿನ್ ಚಿತ್ರ ಬೇರೆ. ಮೊಳೆ ಹೊಡೆದ ಮೂಲೆ ಆಗಲೇ ತುಕ್ಕು ಹಿಡಿದು, ಕಂದು ನೀರು ಅಕ್ಷರಗಳ ಮೇಲೆ ಇಳಿದಿತ್ತು. ‘ನೀವು ಹೀಗೆ ಹೇಳಿರಲಿಲ್ಲವಲ್ಲ ಸರ್’ ಎಂದು ಹುಡುಗಿಯೊಬ್ಬಳು ಕೇಳಿದಳು.

ಆ ಹಿಮಯುಗದಲ್ಲಿ ಹಿಮದ ಹಾಸು ಈ ಕರಾವಳಿಯ ಹತ್ತಿರಕ್ಕೂ ಬಂದಿಲ್ಲ. ಹಿಮ ಕೆತ್ತಿದ ಕಡಲತಳ ನೋಡಬೇಕೆಂದರೆ ಅಂಟಾರ್ಕ್ಟಿಕಾದ ಅಥವಾ ನಾರ್ವೆಯ ಖಂಡಾವರಣ ಪ್ರದೇಶದ, ಅಂದರೆ ದಡಕ್ಕೆ ಹೊಂದಿಕೊಂಡ ಆಳ ಕಡಿಮೆಯ ಕಡಲತಳದ, ನಕ್ಷೆ ತೆಗೆಯಬೇಕು. ಬೇರೆಡೆ ಸಾಮಾನ್ಯವಾಗಿ ಖಂಡಾವರಣ ದಡದಿಂದ ದೂರ ಹೋದಂತೆ ಆಳವಾಗುತ್ತದೆ. ಅಂಟಾರ್ಕ್ಟಿಕಾದಲ್ಲಿ ಹಲವೆಡೆ ದಡದ ಕಡೆಗೇ ಆಳ ಹೆಚ್ಚು. ಹಿಮ ಒಳಭಾಗವನ್ನು ಕೆತ್ತಿ ಮಣ್ಣುಕಲ್ಲನ್ನು ಹೊರ ಅಂಚಿಗೆ ದೂಡಿದ್ದೇ ಅದಕ್ಕೊಂದು ಮುಖ್ಯ ಕಾರಣ. ನಾರ್ವೆಯ ಕಡಲತಳದಲ್ಲಿ ಎರಡೂವರೆ ಮೀಟರ್ ಎತ್ತರವೂ ಇಲ್ಲದ ಏಣುಗಳ ಸಾಲುಗಳಿವೆ. ಉಬ್ಬರವಿಳಿತಕ್ಕೆ ಏರಿಳಿಯುತ್ತಿದ್ದ ಹಿಮದ ಅಂಚು ಕೆಸರನ್ನು ಒತ್ತಿ ಮೂಡಿಸಿದ ಗುರುತುಗಳವು. ಅವುಗಳ ಅಂತರ ಅಳೆದ ವಿಜ್ಞಾನಿಗಳು, ಹಿಮ ದಿನಕ್ಕೆ 600 ಮೀಟರಿನಷ್ಟು ಹಿಂದೆ ಸರಿದದ್ದೂ ಉಂಟೆಂದು 2023ರಲ್ಲಿ ಪ್ರಕಟಿಸಿದರು.

ನಮ್ಮಲ್ಲಿ ಆದದ್ದೇ ಬೇರೆ. ಸುಮಾರು 20,000 ವರ್ಷಗಳ ಹಿಂದೆ ಅಪಾರ ನೀರು ದೂರದ ಖಂಡಗಳ ಮೇಲೆ ಹಿಮವಾಗಿ ಕೂತಿದ್ದರಿಂದ ಸಮುದ್ರಮಟ್ಟ ಸುಮಾರು 120 ಮೀಟರ್ ಕೆಳಗಿತ್ತು. ದಡ ಹತ್ತಾರು ಕಿಲೋಮೀಟರ್ ಪಶ್ಚಿಮಕ್ಕಿತ್ತು. ಈಗ ದ್ವೀಪಗಳಾಗಿರುವ ಕೂರ್ಮಗಡ, ದೇವಗಡ, ಅತ್ತ ನೇತ್ರಾಣಿ ಎಲ್ಲವೂ ಅಂದು ಒಣನೆಲದ ಗುಡ್ಡಗಳು. ಪಶ್ಚಿಮ ಕರಾವಳಿಯ ಖಂಡಾವರಣದ ಹೊರ ಅಂಚಿನಲ್ಲಿ ಈಗಲೂ ಹಳೆಯ ದಡದ ಮರಳು, ಆಳವಿಲ್ಲದ ನೀರಿನಲ್ಲಷ್ಟೇ ಹುಟ್ಟುವ ಸುಣ್ಣಕಲ್ಲು ಸಿಗುತ್ತವೆ. ಎಷ್ಟು ಸೊಗಸಾದ ಕಥೆ! ಎದುರಿಗೆ ಕಾಣುವ ಕೂರ್ಮಗಡಕ್ಕೆ ಅಂದು ನಡೆದೇ ಹೋಗಬಹುದಿತ್ತು ಎಂದು ಬರೆದಿದ್ದರೆ ಮಕ್ಕಳು ಕಣ್ಣರಳಿಸಿ ನೋಡುತ್ತಿದ್ದರು. ಕೇಳುವುದಕ್ಕೆ ಕಾರವಾರದ ಕೋಡಿಬಾಗದಲ್ಲೇ ಕಡಲಜೀವಶಾಸ್ತ್ರ ವಿಭಾಗವಿದೆ, ಗೋವಾದಲ್ಲಿ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯಿದೆ. ಒಂದು ಫೋನ್ ಮಾಡಲು ಏನು ಅಡ್ಡಿಯಿತ್ತು?

ಸೋಮವಾರ ರಜೆ ಹಾಕಿ ಸಂಬಂಧಪಟ್ಟ ಕಚೇರಿಗೆ ಹೋದೆ. ಸಾಹೇಬರು ಮೀಟಿಂಗಿನಲ್ಲಿದ್ದರು. ಟಪಾಲಿಗೆ ಕೊಡಿ ಎಂದರು. ಟಪಾಲಿನವರು ಊಟಕ್ಕೆ ಹೋಗಿದ್ದರು. ಬಂದವರು ಜೆರಾಕ್ಸ್ ತನ್ನಿ ಎಂದರು. ಜೆರಾಕ್ಸ್ ಅಂಗಡಿಯಲ್ಲಿ ಕರೆಂಟಿರಲಿಲ್ಲ. ಕೊನೆಗೆ ಅರ್ಜಿ ತೆಗೆದುಕೊಂಡವರು ಸ್ವೀಕೃತಿ ಕೊಡಲು ಸೀಲಿಲ್ಲ ಎಂದು ಬರಿಗೈಯಲ್ಲಿ ಕಳಿಸಿದರು. ನನ್ನ ಬಸ್ಸೂ ತಪ್ಪಿತು.

ಇದು ಇಂದಿನ ರೋಗವಲ್ಲ. ನಮ್ಮೂರ ಬಸ್ ನಿಲ್ದಾಣದ ವೇಳಾಪಟ್ಟಿಯಲ್ಲಿ ಓಡಾಟ ನಿಂತುಹೋದ ಬಸ್ಸುಗಳ ಹೆಸರೇ ಇನ್ನೂ ಇವೆ. ಈಜಬೇಡಿ ಎಂಬ ಎಚ್ಚರಿಕೆಯ ಫಲಕ ಅಕ್ಷರ ಅಳಿಸಿ ನಿಂತು ವರ್ಷಗಳಾದವು. ಮೀನುಗಾರರ ಓಣಿಯ ದೀಪಕ್ಕೆ ಕೊಟ್ಟ ಅರ್ಜಿ ಯಾವ ಕಪಾಟಿನಲ್ಲಿ ಕೊಳೆಯುತ್ತಿದೆಯೋ! ಫೋಟೊಕ್ಕೆ ನಿಂತು ರಿಬ್ಬನ್ ಕತ್ತರಿಸಲು ಮಾತ್ರ ಎಲ್ಲರಿಗೂ ಪುರಸೊತ್ತಿದೆ.

ಆ ಫಲಕವನ್ನು ಕೂಡಲೇ ಕಿತ್ತುಹಾಕಬೇಕು, ಇಲ್ಲವೇ ತಿದ್ದಿಸಬೇಕು. ವೇಳಾಪಟ್ಟಿಯನ್ನೂ ಸರಿಪಡಿಸಬೇಕು. ಮಕ್ಕಳು ಓದುವ ಅಕ್ಷರವನ್ನು ಬರೆಸುವ ಮುನ್ನ ತಾವೊಮ್ಮೆ ಓದುವಷ್ಟು ನಾಚಿಕೆಯಾದರೂ ಈ ಅಧಿಕಾರಿಗಳಿಗೆ ಬೇಡವೇ?

– ನೊಂದ ಶಿಕ್ಷಕ, ಅಂಕೋಲಾ