ವಿಸ್ಕಿ ರುಚಿ ನೋಡಿಸುತ್ತೇವೆಂದು ತೀರ್ಥ ಕೊಟ್ಟ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ,
ಬೆಂಗಳೂರು.

ವಿಷಯ: ಸ್ಕ್ಯಾಂಡಿನೇವಿಯಾ ಪ್ರವಾಸದ ಆರನೇ ದಿನ ವೆನ್ ದ್ವೀಪಕ್ಕೆ ಕರೆದುಕೊಂಡು ಹೋಗದೇ ಇದ್ದದ್ದು, ಮತ್ತು ಅದಕ್ಕೆ ಕಟ್ಟಿಸಿಕೊಂಡ 9,500 ರೂಪಾಯಿ ವಾಪಸ್ ಕೊಡುವ ಬಗ್ಗೆ.

ಮಾನ್ಯರೇ,

ನಾನು ಹಾಸನದ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವನು. ಕಳೆದ ತಿಂಗಳು ನಿಮ್ಮ ಒಂಬತ್ತು ದಿನದ ಪ್ರವಾಸಕ್ಕೆ ನಾನು, ನನ್ನ ಹೆಂಡತಿ ಇಬ್ಬರೂ ಬಂದಿದ್ದೆವು. ಊಟ ಚೆನ್ನಾಗಿತ್ತು. ಕೋಪನ್‌ಹೇಗನ್‌ನ ಚಳಿಯಲ್ಲಿ ಬಿಸಿ ಅನ್ನ, ಸಾರು ಬಡಿಸಿದ ನಿಮ್ಮ ಅಡುಗೆಯವರಿಗೆ ನಮಸ್ಕಾರ. ಅವರ ಮೇಲೆ ಒಂದು ಮಾತೂ ಇಲ್ಲ. ದೂರು ಇರುವುದು ಆರನೇ ದಿನದ್ದು.

ನಿಮ್ಮ ಕಾರ್ಯಕ್ರಮದ ಹಾಳೆಯಲ್ಲಿ ಆ ದಿನಕ್ಕೆ ಹೀಗೆ ಬರೆದಿದೆ: "ಲ್ಯಾಂಡ್ಸ್‌ಕ್ರೋನಾದಿಂದ ದೋಣಿಯಲ್ಲಿ ವೆನ್ ದ್ವೀಪ. ಟೈಕೋ ಬ್ರಾಹೆ ಇದ್ದ ಜಾಗ. ಸಣ್ಣ ಡಿಸ್ಟಿಲರಿಯಲ್ಲಿ ಸಿಂಗಲ್ ಮಾಲ್ಟ್ ರುಚಿ. ಬಾಟಲಿ ಖರೀದಿಗೆ ಸಮಯ." ಬೇಕಾದವರು ತಲೆಗೆ 9,500 ರೂಪಾಯಿ ಜಾಸ್ತಿ ಕಟ್ಟಬೇಕು. 14 ಜನ ಕಟ್ಟಿದೆವು. ನನ್ನ ಹೆಂಡತಿ ಕಟ್ಟಲಿಲ್ಲ. "ಹೆಂಡದಂಗಡಿ ನೋಡೋದಕ್ಕೆ ಅಷ್ಟು ದುಡ್ಡಾ?" ಅಂದಳು. ಅವಳು ಹೇಳಿದ್ದೇ ಸರಿಯಾಗಿತ್ತು ಎಂದು ಈಗ ದಿನಕ್ಕೆರಡು ಸಲ ಕೇಳಿಸಿಕೊಳ್ಳುತ್ತಿದ್ದೇನೆ. ಅದಕ್ಕೆ ಪರಿಹಾರ ಕೇಳುವುದಿಲ್ಲ, ಬಿಡಿ.

ಈ ದ್ವೀಪಕ್ಕಾಗಿಯೇ ನಾನು ನಿಮ್ಮ ಪ್ರವಾಸ ಆರಿಸಿಕೊಂಡಿದ್ದು. ಉಳಿದ ಊರುಗಳನ್ನು ಯಾರ ಜೊತೆಗಾದರೂ ನೋಡಬಹುದಿತ್ತು. 1576ರಲ್ಲಿ ಡೆನ್ಮಾರ್ಕಿನ ರಾಜ ಎರಡನೇ ಫ್ರೆಡರಿಕ್ ಈ ದ್ವೀಪವನ್ನೇ ಖಗೋಳ ವಿಜ್ಞಾನಿ ಟೈಕೋ ಬ್ರಾಹೆಗೆ ಕೊಟ್ಟುಬಿಟ್ಟ. ಅಲ್ಲಿ ಅವನು ಊರಾನಿಬೋರ್ಗ್ ಎಂಬ ವೀಕ್ಷಣಾಲಯ ಕಟ್ಟಿಸಿ, ಇಪ್ಪತ್ತು ವರ್ಷ ನಕ್ಷತ್ರ ಅಳೆದ. ಟೆಲಿಸ್ಕೋಪ್ ಆಗಿನ್ನೂ ಇರಲಿಲ್ಲ. ಬರಿಗಣ್ಣು, ದೊಡ್ಡ ದೊಡ್ಡ ಕೋನಮಾಪಕಗಳು, ಅಷ್ಟೇ. ಮಂಗಳ ಗ್ರಹದ ಆ ಅಳತೆಗಳಿಂದಲೇ ಮುಂದೆ ಕೆಪ್ಲರ್ ಗ್ರಹಗಳ ಚಲನೆಯ ನಿಯಮ ಕಂಡುಕೊಂಡ. ಅದನ್ನು ಒಂಬತ್ತು, ಹತ್ತನೇ ತರಗತಿಯವರಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಈಗ ಸ್ವೀಡನ್ನಿಗೆ ಸೇರಿರುವ ಅದೇ ದ್ವೀಪದಲ್ಲಿ ಸ್ಪಿರಿಟ್ ಆಫ್ ವೆನ್ ಎಂಬ ಸಣ್ಣ ಡಿಸ್ಟಿಲರಿ ಇದೆ. ಶುರು ಮಾಡಿದ ಹೆನ್ರಿಕ್ ಮೋಲಿನ್ ಕೆಮಿಸ್ಟ್ರಿಯವರು. ಬಾಟಲಿಯೂ ನಮ್ಮ ಲ್ಯಾಬಿನ ಶಂಕುವಿನಾಕಾರದ ಫ್ಲಾಸ್ಕಿನ ಹಾಗೇ ಇರುತ್ತದೆ, ಬಾಯಿಗೆ ಮೇಣ ಮೆತ್ತಿರುತ್ತಾರೆ. ವಿಸ್ಕಿಗಳ ಹೆಸರು ಟೈಕೋಸ್ ಸ್ಟಾರ್, ಡೂಬೆ, ಮೆರಾಕ್, ಮೈಜಾರ್. ಡೂಬೆಯಿಂದ ಮೈಜಾರ್‌ವರೆಗೆ ಇರುವುದೆಲ್ಲ ನಮ್ಮ ಸಪ್ತರ್ಷಿ ಮಂಡಲದ ನಕ್ಷತ್ರಗಳು. ಮೈಜಾರ್ ಅಂದರೆ ನಮ್ಮ ವಸಿಷ್ಠ. ಪಕ್ಕದಲ್ಲೇ ಮಂಕಾಗಿ ಕಾಣುವುದು ಅರುಂಧತಿ. ಮದುವೆ ದಿನ ಪುರೋಹಿತರು ತೋರಿಸಿದ ಅರುಂಧತಿ ನನಗೆ ಆಗ ಕಂಡಿರಲಿಲ್ಲ, ಸುಮ್ನೆ ಕಂಡಿತು ಅಂದಿದ್ದೆ. ಇರಲಿ. ಇಂಥವನಿಗೆ ಆ ಜಾಗ ಏನಾಗಿತ್ತು ಎಂದು ನಿಮಗೆ ಗೊತ್ತಾಗಲಿ ಅಂತ ಇಷ್ಟು ಬರೆದೆ.

ಈಗ ಆ ದಿನದ ವಿಷಯ. ಭಾನುವಾರ. ಬೆಳಿಗ್ಗೆ ಎಂಟಕ್ಕೆ ಕೋಪನ್‌ಹೇಗನ್ ಬಿಟ್ಟು, ಓರೆಸುಂಡ್ ಸೇತುವೆ ದಾಟಿ ಸ್ವೀಡನ್‌ಗೆ ಬಂದೆವು. ಅಲ್ಲಿವರೆಗೆ ಎಲ್ಲ ಸರಿ. ಆಮೇಲೆ ಹಾಳೆಯಲ್ಲಿ ಇಲ್ಲದ ಒಂದು ಬಟ್ಟೆ ಮಳಿಗೆಯ ಮುಂದೆ ಬಸ್ಸು ನಿಂತಿತು. "ಇಪ್ಪತ್ತೇ ನಿಮಿಷ" ಅಂದರು ನಿಮ್ಮ ಟೂರ್ ಮ್ಯಾನೇಜರ್. ಎರಡು ಗಂಟೆ ಆಯಿತು. ನಾವು ಲ್ಯಾಂಡ್ಸ್‌ಕ್ರೋನಾ ಬಂದರು ಮುಟ್ಟಿದಾಗ ದೋಣಿ ಹೊರಟು ಹೋಗಿತ್ತು. ಮುಂದಿನದಕ್ಕೆ ಹೋದರೆ ರಾತ್ರಿ ಊಟಕ್ಕೆ ಹೋಟೆಲ್ ಸೇರುವುದು ಆಗುವುದಿಲ್ಲ ಎಂದು ಹೇಳಿ ಬಸ್ ತಿರುಗಿಸಿದರು. ದೋಣಿಯ ದಾರಿ ಬರೀ ಅರ್ಧ ಗಂಟೆ. ದ್ವೀಪ ಕಣ್ಣಿಗೆ ಕಾಣುತ್ತಿತ್ತು. ನಾನು ದಡದಲ್ಲಿ ನಿಂತು ನೋಡಿದೆ, ಒಂದು ಫೋಟೋ ತೆಗೆದೆ. ಫೋಟೋದಲ್ಲಿ ಒಂದು ಬೂದು ಗೆರೆ ಇದೆ. 9,500 ರೂಪಾಯಿಯ ಗೆರೆ.

ಕೇಳಿದ್ದಕ್ಕೆ ಸಿಕ್ಕ ಉತ್ತರ: "ಟ್ರಾಫಿಕ್ ಸರ್. ಬೇಜಾರು ಮಾಡ್ಕೋಬೇಡಿ. ರಾತ್ರಿ ಅದೇ ವಿಸ್ಕಿ ಹೋಟೆಲಲ್ಲೇ ಕೊಡ್ತೀವಿ. ಎಲ್ಲಿ ಕುಡಿದರೂ ಅದೇ ತಾನೇ?"

ಆ ರಾತ್ರಿ ಹೋಟೆಲಿನ ಮೀಟಿಂಗ್ ಹಾಲ್‌ನಲ್ಲಿ ಮೇಜಿನ ಮೇಲೆ ಒಂದೇ ಒಂದು ಟೈಕೋಸ್ ಸ್ಟಾರ್ ಬಾಟಲಿ ಇತ್ತು. ಅರ್ಧ ಲೀಟರಿನದು. ಪಕ್ಕದಲ್ಲಿ ಪ್ಲಾಸ್ಟಿಕ್ ಕಪ್ಪು, ಒಂದು ಬಕೆಟ್ ಐಸು, ಕೋಕಾಕೋಲಾ, ಖಾರ ಕಡಲೆಕಾಯಿ. ದುಡ್ಡು ಕಟ್ಟಿದವರು 14 ಜನ. ಕಪ್ಪು ಹಿಡಿದು ನಿಂತವರು 33 ಜನ. ಐನೂರು ಮಿಲಿಲೀಟರನ್ನು 33ರಿಂದ ಭಾಗಿಸಿದರೆ ಒಬ್ಬೊಬ್ಬರಿಗೆ 15. ನಮ್ಮೂರ ದೇವಸ್ಥಾನದಲ್ಲಿ ಉದ್ಧರಣೆಯಲ್ಲಿ ತೀರ್ಥ ಕೊಡುವ ಹಾಗೆ ಅಂಗೈ ಚಾಚಿ ಇಸಕೊಂಡೆವು. ತೀರ್ಥವಾದರೂ ಮೂರು ಸಲ ಕೊಡುತ್ತಾರೆ. ನಿಮ್ಮ ಮ್ಯಾನೇಜರ್ ಮೇಜು ಬಡಿದು, "ಇದು ಸ್ವೀಡನ್ ಸ್ಕಾಚು, ಎಂಜಾಯ್ ಮಾಡಿ!" ಅಂದರು. ಸ್ವೀಡನ್ ಸ್ಕಾಚು ಅನ್ನುವುದು ಹಾಸನದ ಮೈಸೂರು ಮಲ್ಲಿಗೆ ಅಂದ ಹಾಗೆ. ಸ್ಕಾಚ್ ಅನ್ನಿಸಿಕೊಳ್ಳಬೇಕಾದರೆ ಸ್ಕಾಟ್ಲೆಂಡಿನಲ್ಲೇ ಬಟ್ಟಿ ಇಳಿಸಿ, ಅಲ್ಲಿಯೇ ಕನಿಷ್ಠ ಮೂರು ವರ್ಷ ಪೀಪಾಯಿಯಲ್ಲಿ ಇಟ್ಟಿರಬೇಕು. ಇದು ಸ್ವೀಡನ್ನಿನ ಸಿಂಗಲ್ ಮಾಲ್ಟ್. ಅಂದರೆ ಮೊಳಕೆ ಬರಿಸಿದ ಬಾರ್ಲಿಯಿಂದ ಒಂದೇ ಡಿಸ್ಟಿಲರಿಯಲ್ಲಿ ಮಾಡಿದ್ದು. ಅವರಿಗೆ ಅಷ್ಟೂ ಹೇಳಿಕೊಟ್ಟಿರಲಿಲ್ಲವೇ ನೀವು?

ನಾನು ಬೆಂಗಳೂರಿನಲ್ಲಿ ಕೊಂಡ ಟ್ಯುಲಿಪ್ ಆಕಾರದ ಸಣ್ಣ ಗ್ಲಾಸನ್ನು ಕಾಲುಚೀಲದಲ್ಲಿ ಸುತ್ತಿ ಅಷ್ಟು ದೂರ ಒಯ್ದಿದ್ದೆ. ಐಸ್ ಹಾಕಲು ಬಂದವರಿಗೆ ಅಂಗೈ ಅಡ್ಡ ಹಿಡಿದೆ. "ನೀಟ್ ಹೊಡೀತೀರಾ ಸರ್? ಗಟ್ಟಿ ಇದ್ದೀರಿ!" ಅಂದರು. ಹೊಡೆಯುವುದಲ್ಲ ಸ್ವಾಮಿ, ಮೂಸುವುದು. ತಣ್ಣಗಾದರೆ ವಾಸನೆ ಮೇಲೇಳುವುದೇ ಇಲ್ಲ. ವಾಸನೆ ಇಲ್ಲದ ಮೇಲೆ ರುಚಿಯಲ್ಲಿ ಉಳಿಯುವುದು ಉರಿಯೊಂದೇ. ಇನ್ನೊಂದು ವಿಷಯ ಗೊತ್ತಾ? ಟೈಕೋ ಬ್ರಾಹೆ ಹುಡುಗಾಟದ ವಯಸ್ಸಿನಲ್ಲಿ ಕತ್ತಿ ಕಾಳಗಕ್ಕೆ ಹೋಗಿ ಮೂಗಿನ ಒಂದು ಭಾಗ ಕಳೆದುಕೊಂಡಿದ್ದ. ಆಮೇಲೆ ಬದುಕಿರುವವರೆಗೆ ಲೋಹದ ಮೂಗು ಅಂಟಿಸಿಕೊಂಡು ಓಡಾಡಿದ. ಅಂಥವನ ಹೆಸರಿನ ವಿಸ್ಕಿಯನ್ನು ನೀವು 32 ಜನಕ್ಕೆ ಮೂಗಿಗೇ ಕೆಲಸ ಕೊಡದೆ ಕುಡಿಸಿದಿರಿ.

ಗಲಾಟೆ ಜಾಸ್ತಿಯಾಗಿ, ನಾನು ಗ್ಲಾಸು ಹಿಡಿದುಕೊಂಡು ಕಾರಿಡಾರಿನ ಕುರ್ಚಿಗೆ ಹೋದೆ. ಹತ್ತು ನಿಮಿಷ ಸುಮ್ನೆ ಇಟ್ಟೆ. ಮೊದಲು ಕಿತ್ತಳೆ ಸಿಪ್ಪೆ ಗಿಲ್ಲಿದ ವಾಸನೆ. ಹಿಂದೆಯೇ ಹೊಸ ಮರದ್ದು, ಬಡಗಿಯ ಅಂಗಡಿ ಮುಂದೆ ಹೋದಾಗ ಬರುತ್ತದಲ್ಲ, ಅದು. ಗ್ಲಾಸನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿದ ಮೇಲೆ ತುಂಬಾ ಹಗುರವಾಗಿ ಹೊಗೆ. ಅಜ್ಜಿ ಮನೆಯಲ್ಲಿ ಬಚ್ಚಲ ಹಂಡೆಯ ಒಲೆ ಆರಿ, ಮಧ್ಯಾಹ್ನದ ಹೊತ್ತಿಗೆ ಉಳಿಯುವ ಹೊಗೆ. ಎರಡು ಹನಿ ನೀರು ಬಿಟ್ಟೆ. ಈ ಹೊಗೆ ವಾಸನೆಗೆ ಗ್ವಾಯಕಾಲ್ ಎಂಬ ಅಣು ಒಂದು ಮುಖ್ಯ ಕಾರಣ. ನೀರು ಬೆರೆತರೆ ಅದು ಮೇಲ್ಮೈಗೆ ಬಂದು ನಿಲ್ಲುತ್ತದೆ ಎಂದು 2017ರಲ್ಲಿ ಸ್ವೀಡನ್ನಿನದೇ ಲಿನೇಯಸ್ ವಿಶ್ವವಿದ್ಯಾಲಯದವರು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಈ ವಿಸ್ಕಿಯಲ್ಲಿ ಆಲ್ಕೋಹಾಲ್ 41.8 ಪರ್ಸೆಂಟು, ಆದ್ದರಿಂದ ಎರಡು ಹನಿ ಸಾಕಾಯಿತು. ನಾಲಿಗೆ ಮೇಲೆ ಜೋನಿ ಬೆಲ್ಲ, ಆಮೇಲೆ ಕಾಳು ಮೆಣಸು. ಗಂಟಲಲ್ಲಿ ಖಾರ ನಿಧಾನಕ್ಕೆ ಇಳಿಯಿತು. ಇನ್ನೊಂದು ಗುಟುಕು ಇದ್ದಿದ್ದರೆ ಆ ಮೆಣಸು ಪೀಪಾಯಿಯದೋ ಧಾನ್ಯದ್ದೋ ಎಂದು ಹೇಳುತ್ತಿದ್ದೆ. ಇರಲಿಲ್ಲ. ಹದಿನೈದು ಮಿಲಿಲೀಟರು ಅಲ್ಲಿಗೆ ಮುಗಿಯಿತು.

ವಿಸ್ಕಿ ಚೆನ್ನಾಗಿತ್ತು. ಅದಕ್ಕೇ ಹೊಟ್ಟೆ ಉರಿಯುವುದು.

ವಾಪಸ್ ಹಾಲ್‌ಗೆ ಹೋದಾಗ ಬಾಟಲಿ ಖಾಲಿ. ಅದೇ ಕಪ್ಪುಗಳಿಗೆ ಬೇರೆ ಯಾವುದೋ ಬ್ಲೆಂಡೆಡ್ ವಿಸ್ಕಿ ಸುರಿಯುತ್ತಿದ್ದರು. ಖಾಲಿ ಬಾಟಲಿಯನ್ನಾದರೂ ಕೊಡಿ ಎಂದು ಕೇಳಿದೆ. ಕಾಗದದ ಚೀಲದ ಸಮೇತ ಕೊಟ್ಟರು. ರೂಮಿಗೆ ಬಂದು ನೋಡಿದರೆ ಚೀಲದ ತಳದಲ್ಲಿ ಬಿಲ್ಲು. ಕೋಪನ್‌ಹೇಗನ್ನಿನ ಅಂಗಡಿಯದು. ತಾರೀಕು ಶನಿವಾರದ್ದು!

ದೋಣಿ ತಪ್ಪಿದ್ದು ಭಾನುವಾರ ಮಧ್ಯಾಹ್ನ. ಅದರ ಬದಲಿಗೆಂದು ಕೊಟ್ಟ ಬಾಟಲಿ ಕೊಂಡಿದ್ದು ಶನಿವಾರ ಸಂಜೆ. ಟ್ರಾಫಿಕ್ ಆಗುತ್ತದೆ ಎಂದು ಹಿಂದಿನ ದಿನವೇ ಗೊತ್ತಿತ್ತಾ? ಆ ಬಿಲ್ಲಿನ ಮೊತ್ತವನ್ನು ರೂಪಾಯಿಗೆ ತಿರುಗಿಸಿದರೆ ಒಬ್ಬರ 9,500 ಕೂಡ ಆಗುವುದಿಲ್ಲ. ನೀವು ತೆಗೆದುಕೊಂಡಿದ್ದು 14 ಜನರಿಂದ, ಒಟ್ಟು 1,33,000 ರೂಪಾಯಿ. ಇದಕ್ಕೆ ಏನು ಹೇಳುತ್ತೀರಿ?

"ಬಾಟಲಿ ಖರೀದಿಗೆ ಸಮಯ" ಎಂದು ಬರೆದಿದ್ದಿರಿ. ನನ್ನ ಭಾವಮೈದನಿಗೆ ಒಂದು ತರುತ್ತೇನೆ ಎಂದು ಮಾತು ಕೊಟ್ಟಿದ್ದೆ. ಮ್ಯಾನೇಜರ್ ಅವತ್ತು, "ದಾರಿಲಿ ಯಾವ ಅಂಗಡಿಲಾದ್ರೂ ಸಿಗುತ್ತೆ ಸರ್" ಅಂದರು. ಸ್ವೀಡನ್ನಿನಲ್ಲಿ ವಿಸ್ಕಿಯನ್ನು ಯಾವ ಅಂಗಡಿಯಲ್ಲಿ ಬೇಕಾದರೂ ಮಾರುವ ಹಾಗಿಲ್ಲ. ತಯಾರಿಸುವ ಜಾಗ ಬಿಟ್ಟರೆ ಸರ್ಕಾರದ ಸಿಸ್ಟಮ್‌ಬೊಲಾಗೆಟ್ ಅಂಗಡಿಗೇ ಹೋಗಬೇಕು. ಅದು ಭಾನುವಾರ ಬಾಗಿಲು ತೆರೆಯುವುದಿಲ್ಲ. ವರ್ಷವರ್ಷ ಜನರನ್ನು ಆ ದೇಶಕ್ಕೆ ಕರೆದೊಯ್ಯುವ ನಿಮಗೆ ಇದು ತಿಳಿಯದು ಎಂದರೆ ನಂಬುವುದು ಕಷ್ಟ.

ನಿಮ್ಮ ಕಚೇರಿಗೆ ಫೋನ್ ಮಾಡಿದಾಗ ಒಬ್ಬರು, "ಸರ್, ಸಿಂಗಲ್ ಮಾಲ್ಟ್ ಬೇಕಂದ್ರೆ ನಮ್ಮ ಬೆಂಗಳೂರಲ್ಲೇ ಅಮೃತ್ ಇದೆಯಲ್ಲ" ಎಂದು ಸಮಾಧಾನ ಮಾಡಿದರು. ಅಮೃತ್ ಬಗ್ಗೆ ನನಗೂ ಹೆಮ್ಮೆಯೇ. 2004ರಲ್ಲಿ ಸ್ಕಾಟ್ಲೆಂಡಿನ ಗ್ಲ್ಯಾಸ್ಗೋದಲ್ಲಿಯೇ ಹೋಗಿ ಮಾರಾಟ ಶುರು ಮಾಡಿದವರು ಅವರು. ಆದರೆ ಬೆಂಗಳೂರಿನ ಸೆಕೆಗೆ ಪೀಪಾಯಿಯಿಂದ ವರ್ಷಕ್ಕೆ ನೂರಕ್ಕೆ ಹತ್ತರ ಮೇಲೆ ಆವಿಯಾಗಿ ಹೋಗುತ್ತದೆ. ಸ್ಕಾಟ್ಲೆಂಡಿನಲ್ಲಿ ಎರಡರ ಸುಮಾರು. ನಡುಸಮುದ್ರದ ಆ ಪುಟ್ಟ ದ್ವೀಪದಲ್ಲಿ ಎಷ್ಟು ಹೋಗುತ್ತದೆ, ಅದರಿಂದ ರುಚಿ ಹೇಗೆ ಬದಲಾಗುತ್ತದೆ ಎಂದು ಅಲ್ಲಿಯವರನ್ನೇ ಕೇಳಬೇಕು ಎಂದಿದ್ದೆ. ಒಂದು ಹಾಳೆಯಲ್ಲಿ ಏಳು ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಮೊಮ್ಮಗಳು ಇಂಗ್ಲಿಷ್ ತಿದ್ದಿಕೊಟ್ಟಿದ್ದಳು. ಹಾಳೆ ಜೇಬಿನಲ್ಲೇ ಮಡಚಿದ ಹಾಗೇ ವಾಪಸ್ ಬಂತು. "ಏನಂದ್ರು ತಾತ?" ಎಂದು ಕೇಳಿದಳು. ಟ್ರಾಫಿಕ್ ಅಂದೆ.

ನಾನು ಕೇಳುತ್ತಿರುವುದು ಇಷ್ಟು. ನನ್ನ 9,500 ರೂಪಾಯಿ ಪೂರ್ತಿ ವಾಪಸ್ ಬೇಕು. ಮುಂದಿನ ಪ್ರವಾಸಕ್ಕೆ ರಿಯಾಯಿತಿ ಕೂಪನ್ ಕೊಡುತ್ತೇವೆ ಎಂದು ನಿಮ್ಮವರು ಹೇಳಿದ್ದಾರೆ, ಅದು ಬೇಡ. ಉಳಿದ 13 ಜನರಿಗೂ ಕೊಡಿ. ಅವರಲ್ಲಿ ಒಂಬತ್ತು ಜನ ಈ ಪತ್ರ ಓದಿ ಒಪ್ಪಿದ್ದಾರೆ, ಅವರ ಸಹಿ ಇರುವ ಹಾಳೆ ಜೊತೆಗಿದೆ. ಶನಿವಾರದ ಆ ಬಿಲ್ಲಿಗೆ ಬರವಣಿಗೆಯಲ್ಲಿ ಉತ್ತರ ಕೊಡಿ, ಫೋನಿನಲ್ಲಿ ಬೇಡ. ಮತ್ತೆ, ದಯವಿಟ್ಟು ಕಾರ್ಯಕ್ರಮದ ಹಾಳೆಯಿಂದ ವೆನ್ ದ್ವೀಪದ ಹೆಸರು ತೆಗೆದುಬಿಡಿ, ಇಲ್ಲವೇ ಆ ದಿನ ಬಟ್ಟೆ ಮಳಿಗೆಗೆ ಹೋಗುವುದನ್ನು ಬಿಡಿ.

ಈ ಪತ್ರ ತಲುಪಿದ 15 ದಿನದೊಳಗೆ ಹಣ ಬರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಾಸನದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ನಾನಿರುವ ಊರಿನಲ್ಲೇ ದೂರು ಕೊಡಲು ಆ ಕಾಯ್ದೆಯಲ್ಲಿ ಅವಕಾಶವಿದೆ. ಐದು ಲಕ್ಷದವರೆಗಿನ ದೂರಿಗೆ ಶುಲ್ಕವೂ ಇಲ್ಲ. ನಿವೃತ್ತನಾದ್ದರಿಂದ ಓಡಾಡಲು ಪುರುಸೊತ್ತೂ ಇದೆ.

ಇದರ ಜೊತೆ: ಹಣ ಕಟ್ಟಿದ ರಸೀತಿ, ಕಾರ್ಯಕ್ರಮದ ಹಾಳೆ, ಶನಿವಾರದ ಬಿಲ್ಲಿನ ನಕಲು, ಬೂದು ಗೆರೆಯ ಫೋಟೋ, ಸಹಿಗಳ ಹಾಳೆ.

ಇಂತಿ ತಮ್ಮ ವಿಶ್ವಾಸಿ,
ಬಸ್ಸಿನ 17ನೇ ಸೀಟಿನವನು,
ಹಾಸನ.

ತಾ.ಕ.: ಅಸಲು ಬಿಲ್ಲು ಮತ್ತು ಖಾಲಿ ಬಾಟಲಿ ನನ್ನ ಹತ್ತಿರವೇ ಇವೆ. ಕೊಬ್ಬರಿ ಎಣ್ಣೆ ತುಂಬಿಡಲು ಚೆನ್ನಾಗಿದೆ ಎಂದು ಹೆಂಡತಿ ಕೇಳುತ್ತಿದ್ದಾಳೆ. ಸಾಕ್ಷಿಗೆ ಬೇಕಾಗಬಹುದು ಎಂದು ಕೊಟ್ಟಿಲ್ಲ. ಬೇಗ ಉತ್ತರ ಬರೆಯಿರಿ.