ನಾಲ್ಕು ಮೊಳದ ದೂರ

ಪ್ರೀತಿಯ ಮಗಳೇ,

ನಿನ್ನ ಪತ್ರ ಸೋಮವಾರ ತಲುಪಿತು. ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದೀಯ, ಉಳಿತಾಯದ ಹಣವನ್ನು ನೀನೀಗ ಇರುವ ಆ ಕೇಂದ್ರದ ಹೆಸರಿಗೆ ಬರೆದುಕೊಡಲು ತೀರ್ಮಾನಿಸಿದ್ದೀಯ, ಮುಂದಿನ ತಿಂಗಳಿನಿಂದ ಒಂದು ವರ್ಷ ಮನೆಯವರೊಂದಿಗೆ ಮಾತು, ಪತ್ರ ಯಾವುದನ್ನೂ ಇಟ್ಟುಕೊಳ್ಳುವುದಿಲ್ಲ. ಇಷ್ಟನ್ನೂ ಎಂಟು ಸಾಲಿನಲ್ಲಿ ಹೇಳಿ ಮುಗಿಸಿದ್ದೀಯ. ಒಂಬತ್ತನೆಯ ಸಾಲಿನಲ್ಲಿ ಮಾತ್ರ ನಿನ್ನ ದನಿ ಕೇಳಿಸಿತು: "ನಿನ್ನದು ಧರ್ಮ, ನನ್ನದು ಕಲ್ಟ್ ಅನ್ನುತ್ತೀಯಲ್ಲ, ವ್ಯತ್ಯಾಸ ಏನು ಅಂತ ಒಂದು ಸಲ ಸರಿಯಾಗಿ ಹೇಳಮ್ಮ."

ಆ ರಾತ್ರಿಯೂ ನೀನು ಇದನ್ನೇ ಕೇಳಿದ್ದೆ. ನಾನು ಕೊಟ್ಟ ಉತ್ತರ ನಮ್ಮಿಬ್ಬರಿಗೂ ನೆನಪಿದೆ, ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. 31 ವರ್ಷ ಇತಿಹಾಸದ ಪಾಠ ಹೇಳಿ, ಪುರಾವೆಯಿಲ್ಲದೆ ಮಾತನಾಡಬೇಡಿ ಎಂದು ಮಕ್ಕಳಿಗೆ ಬುದ್ಧಿ ಹೇಳುತ್ತ ಬಂದವಳು, ಸ್ವಂತ ಮಗಳ ಪ್ರಶ್ನೆಗೆ ಪುರಾವೆಯ ಬದಲು ದನಿ ಏರಿಸಿದೆ. ಈಗ ಸಾವಧಾನವಾಗಿ ಕೂತು ಉತ್ತರ ಬರೆಯುತ್ತಿದ್ದೇನೆ. ನಿನ್ನ ಲಕೋಟೆಯ ಅಂಚನ್ನು ಒಮ್ಮೆ ತೆರೆದು ಮತ್ತೆ ಅಂಟಿಸಿದ ಗುರುತಿತ್ತು. ಆದ್ದರಿಂದ ಈ ಪತ್ರವನ್ನು ನಿನಗಿಂತ ಮೊದಲು ಓದುವವರಿಗೂ ಒಂದು ನಮಸ್ಕಾರ.

ಸುಲಭದ ಉತ್ತರಗಳನ್ನು ಮೊದಲೇ ಬದಿಗಿಡುತ್ತೇನೆ, ಏಕೆಂದರೆ ಅವನ್ನು ನೀನು ಒಂದೇ ಮಾತಿಗೆ ಕೆಡವಿಬಿಡುತ್ತೀಯ. ಹಾಗೆ ಕೆಡವುವುದನ್ನು ಕಲಿಸಿದವಳು ನಾನೇ, ಅದರ ಹೆಮ್ಮೆ ಈಗಲೂ ಇದೆ. ಹಳೆಯದು ಧರ್ಮ, ಹೊಸದು ಕಲ್ಟ್ ಎನ್ನುವ ಹಾಗಿಲ್ಲ. ಇಂದು ಕೋಟ್ಯಂತರ ಜನ ನಡೆದುಕೊಳ್ಳುವ ಮತಗಳೂ ಒಂದು ಕಾಲಕ್ಕೆ ಬೆರಳೆಣಿಕೆಯವರ ಗುಂಪುಗಳೇ ಆಗಿದ್ದವು. ನಂಬಿಕೆ ವಿಚಿತ್ರವಾಗಿದ್ದರೆ ಕಲ್ಟ್ ಎನ್ನುವ ಮಾತೂ ನಿಲ್ಲುವುದಿಲ್ಲ. ನಾನು ದಿನವೂ ಕೈಮುಗಿದು ನಿಲ್ಲುವುದು ಹೊರಗಿನವನ ಕಣ್ಣಿಗೆ ಎಷ್ಟು ವಿಚಿತ್ರವೋ ಯಾರು ಬಲ್ಲರು. ಆ ಪದವೂ ಹುಟ್ಟಿನಿಂದ ಬೈಗುಳವಲ್ಲ. ಅದರ ಲ್ಯಾಟಿನ್ ಮೂಲಕ್ಕೆ ಆರೈಕೆ, ಆರಾಧನೆ ಎಂಬ ಅರ್ಥಗಳಿವೆ, ಹೊಲದ ಬೇಸಾಯಕ್ಕೂ ಅದೇ ಬೇರು. ಕನ್ನಡದಲ್ಲಿ ಮತ, ಪಂಥ, ಸಂಪ್ರದಾಯ ಎಂದು ಬೇಕಾದಷ್ಟು ಪದಗಳಿದ್ದರೂ ಈ ಅನುಮಾನವನ್ನು ಹೊತ್ತ ಪದ ನಮ್ಮಲ್ಲಿರಲಿಲ್ಲವೆಂದು ಕಾಣುತ್ತದೆ. ಅದಕ್ಕೇ ಸಿಟ್ಟು ಬಂದಾಗ ನಾನೂ ಎರವಲು ತಂದೆ.

ಸರ್ಕಾರದ ಮುದ್ರೆಯೂ ಉತ್ತರವಲ್ಲ. ಜಪಾನಿನ ಓಂ ಶಿನ್‌ರಿಕ್ಯೊ ಎಂಬ ಪಂಥಕ್ಕೆ 1989ರ ಆಗಸ್ಟ್‌ನಲ್ಲಿ ಟೋಕಿಯೊ ಆಡಳಿತವೇ ಧಾರ್ಮಿಕ ಸಂಸ್ಥೆಯೆಂದು ಮಾನ್ಯತೆ ಕೊಟ್ಟಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಅದರ ಸದಸ್ಯರು, ತಮ್ಮ ವಿರುದ್ಧ ದಾವೆಗೆ ಸಿದ್ಧನಾಗುತ್ತಿದ್ದ ವಕೀಲನೊಬ್ಬನನ್ನು, ಅವನ ಹೆಂಡತಿಯನ್ನು, ಪುಟ್ಟ ಮಗನನ್ನು ಮನೆಯಲ್ಲೇ ಕೊಂದರು. 1995ರ ಮಾರ್ಚ್ 20ರ ಬೆಳಿಗ್ಗೆ ಅವರೇ ಸುರಂಗ ರೈಲುಗಳಲ್ಲಿ ಸಾರಿನ್ ವಿಷ ಹರಡಿದರು. ವಿಷದ ಚೀಲಕ್ಕೆ ಛತ್ರಿಯ ಮೊನೆ ಚುಚ್ಚಿದವರಲ್ಲಿ ಒಬ್ಬ ಇಕುಒ ಹಯಾಶಿ, ಹೃದಯದ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ವೈದ್ಯ. ಇದನ್ನು ನಿನ್ನನ್ನು ಹೆದರಿಸಲು ಬರೆಯುತ್ತಿಲ್ಲ. ಓದಿದವರು, ಬುದ್ಧಿವಂತರು ಇಂಥದಕ್ಕೆ ಬೀಳುವುದಿಲ್ಲ ಎಂದು ನಾನು ನಂಬಿದ್ದೆ. ಅದು ನನ್ನ ತಪ್ಪು ತಿಳಿವಳಿಕೆ. ನಿನ್ನನ್ನು ಪೆದ್ದಿ ಎಂದು ಕರೆದದ್ದಕ್ಕೆ ಕ್ಷಮಿಸು.

ಇನ್ನು ನನ್ನ ನಿದ್ದೆ ಕೆಡಿಸಿರುವ ವಿಷಯಕ್ಕೆ ಬರುತ್ತೇನೆ. ಭೇಟಿಯ ದಿನ ನಾವು ಬಂದಾಗ ಜಗಲಿಯ ಬೆಂಚಿನ ಮೇಲೆ ಕೂತಿದ್ದೆವು. ಹತ್ತು ನಿಮಿಷ ಗೇಟಿನವರೆಗೆ ನಡೆದು ಬರೋಣವೇ ಎಂದು ನಾನು ಕೇಳಿದೆ. ನೀನು ಬಾಯಿ ತೆರೆದೆ, ಉತ್ತರ ತುಟಿಗೆ ಬಂದಿತ್ತು, ಅಷ್ಟರಲ್ಲಿ ನಿನ್ನ ಕಣ್ಣು ಎಡಕ್ಕೆ ಹೊರಳಿತು. ಅಲ್ಲಿ ನೀವು ಹಿರಿಯಕ್ಕ ಎನ್ನುವ ಆ ಹೆಂಗಸು ಬಟ್ಟೆ ಮಡಚುತ್ತಿದ್ದರು. ಅವರು ತಲೆ ಎತ್ತಲಿಲ್ಲ, ಏನನ್ನೂ ಹೇಳಲಿಲ್ಲ; ಮಡಚಿದ ಬಟ್ಟೆಯ ಮೇಲೆ ಅಂಗೈ ಒತ್ತಿ ಒಮ್ಮೆ ನೇವರಿಸಿದರು, ಅಷ್ಟೇ. ನೀನು "ಇವತ್ತು ಬೇಡಮ್ಮ" ಎಂದೆ. ಅವರ ಹಿಂದಿನ ಗೋಡೆಯಲ್ಲಿ ಗಡಿಯಾರವಿತ್ತು, ಅವಳು ಹೊತ್ತು ನೋಡಿರಬೇಕು ಎಂದು ನಿನ್ನ ಅಪ್ಪ ಹೇಳುತ್ತಾರೆ. ಇರಬಹುದು. ಗಡಿಯಾರ ಆ ಗೋಡೆಯಲ್ಲಿ ಇದ್ದದ್ದು ನಿಜ. ಆದರೆ ಹೊತ್ತು ನೋಡುವವರ ಕಣ್ಣು ಮೇಲಕ್ಕೆ ಹೋಗುತ್ತದೆ, ನಿನ್ನ ಕಣ್ಣು ಕೆಳಕ್ಕೆ ಹೋಗಿತ್ತು, ಆ ಕೈಗಳ ಮಟ್ಟಕ್ಕೆ. ಅಥವಾ ನಾನು ಕೂತ ಜಾಗದಿಂದ ಹಾಗೆ ಕಂಡಿತೋ? ಬೆಂಚಿನ ಯಾವ ತುದಿಯಲ್ಲಿ ಯಾರು ಕೂತಿದ್ದೆವು ಎಂಬುದನ್ನು ಮನೆಯಲ್ಲಿ ಕುರ್ಚಿಗಳನ್ನಿಟ್ಟು ನೋಡಿದ್ದೇನೆ, ನಗಬೇಡ. ಒಂದು ನೋಟ ಎಷ್ಟು ಹೊತ್ತಿನದು, ಅರೆ ಕ್ಷಣದ್ದು. ಅದನ್ನು ಆರು ವಾರದಿಂದ ಹಿಂದಕ್ಕೂ ಮುಂದಕ್ಕೂ ಓಡಿಸಿ ನೋಡುತ್ತಿದ್ದೇನೆ, ಪ್ರತಿ ಸಲವೂ ನಿನ್ನ ತುಟಿಯ ಮೇಲೆ ಆಗಲೇ ಬಂದಿದ್ದ ಮೊದಲ ಉತ್ತರ ಯಾವುದಿತ್ತು ಎಂದು ಊಹಿಸಲು ಹೋಗಿ ಸೋಲುತ್ತೇನೆ.

ಆ ನೋಟದಿಂದಲೇ ನನಗೆ ಜೋನ್ಸ್‌ಟೌನ್ ನೆನಪಾಯಿತು. 1978ರ ನವೆಂಬರ್ 18ರಂದು ಗಯಾನಾದ ಕಾಡಿನ ನಡುವೆ ಜಿಮ್ ಜೋನ್ಸ್ ಎಂಬ ಅಮೆರಿಕದ ಪಾದ್ರಿ ತನ್ನ ಅನುಯಾಯಿಗಳೊಂದಿಗೆ ಕಟ್ಟಿದ್ದ ಆ ವಸಾಹತಿನಲ್ಲಿ 900ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಸುಮಾರು ಮೂರನೇ ಒಂದು ಭಾಗ ಮಕ್ಕಳು. ಸೈನೈಡ್ ಬೆರೆಸಿದ ಪಾನೀಯದ ಮಾತು ಎಲ್ಲರಿಗೂ ಗೊತ್ತು. ನನ್ನ ಮನಸ್ಸು ನಿಲ್ಲುವುದು ಅದರ ಹಿಂದಿನ ಸಂಜೆಯಲ್ಲಿ. ವಿಚಾರಣೆಗೆಂದು ಅಮೆರಿಕದ ಸಂಸತ್ ಸದಸ್ಯ ಲಿಯೊ ರಯಾನ್ ಬಂದಿದ್ದರು, ಅವರಿಗಾಗಿ ಹಾಡು ಕುಣಿತ ಏರ್ಪಾಡಾಗಿತ್ತು, ನೋಡಿದವರಿಗೆ ಎಲ್ಲರೂ ಸಂತೋಷವಾಗಿಯೇ ಕಂಡರು. ಆ ಸಂಭ್ರಮದ ನಡುವೆ ಒಬ್ಬ, ನಮ್ಮನ್ನು ಇಲ್ಲಿಂದ ಪಾರು ಮಾಡಿ ಎಂದು ಬರೆದ ಚೀಟಿಯೊಂದನ್ನು ಜೊತೆಗೆ ಬಂದಿದ್ದ ವರದಿಗಾರನ ಕೈಗೆ ತುರುಕಿದ. ಅದನ್ನು ಕಂಡ ಮಗುವೊಂದು, ಇವನು ಚೀಟಿ ಕೊಟ್ಟ, ಚೀಟಿ ಕೊಟ್ಟ ಎಂದು ಕೂಗತೊಡಗಿತು. ಮಗುವಿಗೂ ಆ ಕೆಲಸ ಗೊತ್ತಿತ್ತು. ಪಾಸ್‌ಪೋರ್ಟು, ಹಣ ಮೊದಲೇ ಸಂಸ್ಥೆಯ ವಶದಲ್ಲಿದ್ದವು. ಮರುದಿನ ರಯಾನ್ ಅವರ ಜೊತೆ ಹೊರಟ ಕೆಲವರ ಮೇಲೆ ವಿಮಾನದ ಬಳಿಯಲ್ಲೇ ಗುಂಡು ಹಾರಿಸಿದರು, ರಯಾನ್ ಸತ್ತರು. ಇದೇ ಜಿಮ್ ಜೋನ್ಸ್ 1950ರ ದಶಕದಲ್ಲಿ ಕರಿಯರನ್ನೂ ಬಿಳಿಯರನ್ನೂ ಒಟ್ಟಿಗೆ ಕೂರಿಸಿ ಪ್ರಾರ್ಥನೆ ಮಾಡಿಸಿದವನು, ಬಡವರಿಗೆ ಅನ್ನ ಹಾಕಿದವನು. ನಿಮ್ಮ ಕೇಂದ್ರ ಎಷ್ಟೊಂದು ಒಳ್ಳೆಯ ಕೆಲಸ ಮಾಡುತ್ತದೆ ಎಂದು ನೀನು ಹೇಳಿದಾಗಲೆಲ್ಲ ನಾನು ಸುಮ್ಮನಾದದ್ದು ಅದಕ್ಕೇ. ಒಳ್ಳೆಯ ಕೆಲಸವನ್ನು ನಾನು ಅಲ್ಲಗಳೆಯುತ್ತಿಲ್ಲ.

ನಿಮ್ಮದು ಜೋನ್ಸ್‌ಟೌನ್ ಎಂದು ನಾನು ಹೇಳುತ್ತಿಲ್ಲ. ಪಾಠದ ಧಾಟಿಗೆ ಬಂದುಬಿಟ್ಟೆ, ಗೊತ್ತು, ಆದರೂ ಇಷ್ಟು ಹೇಳಿಬಿಡುತ್ತೇನೆ.

ಯೋಚಿಸಿ ಯೋಚಿಸಿ ನನಗೆ ಸಿಕ್ಕಿದ ವ್ಯತ್ಯಾಸ ಒಂದೇ: ಧರ್ಮದಲ್ಲಿ ಅರೆಮನಸ್ಸಿನವರಿಗೂ ಜಾಗವಿದೆ. ವರ್ಷಕ್ಕೊಮ್ಮೆ ತಲೆ ತೋರಿಸುವವನು, ಮಂತ್ರದ ನಡುವೆ ಆಕಳಿಸುವವನು, ನಂಬಿಕೆಯಿಲ್ಲದಿದ್ದರೂ ತಾಯಿಯ ಸಮಾಧಾನಕ್ಕೆಂದು ಬಂದು ಕೂರುವವನು, ಹಿಂದಿನ ಸಾಲಿನಲ್ಲಿ ಕೂತು ಗುರುಗಳ ಉಚ್ಚಾರವನ್ನು ಅಣಕಿಸುವವನು, ಇವರೆಲ್ಲರನ್ನೂ ಅದು ಗೊಣಗುತ್ತಲೇ ಇಟ್ಟುಕೊಳ್ಳುತ್ತದೆ. ನನ್ನನ್ನು ಕೇಳಿದರೆ ಧರ್ಮಗಳನ್ನು ಹುಚ್ಚಾಗದಂತೆ ಕಾಪಾಡಿರುವವರೇ ಈ ಸೋಮಾರಿ ಭಕ್ತರು. ಕಲ್ಟಿನಲ್ಲಿ ಹಿಂದಿನ ಸಾಲು ಇರುವುದಿಲ್ಲ. ಅಲ್ಲಿ ಅರ್ಧ ಒಳಗೆ ಅರ್ಧ ಹೊರಗೆ ನಿಲ್ಲುವಂತಿಲ್ಲ, ನಾಳೆ ನೋಡೋಣ ಎನ್ನುವಂತಿಲ್ಲ, ಸಂದೇಹವನ್ನು ಸಂದೇಹವಾಗಿಯೇ ಮನಸ್ಸಿನಲ್ಲಿಟ್ಟುಕೊಂಡು ಮಲಗುವಂತಿಲ್ಲ. ನಿನ್ನ ಪತ್ರದಲ್ಲಿ ಸಂದೇಹ ಎಂಬ ಪದವೇ ಇಲ್ಲ, ಅದರ ಜಾಗದಲ್ಲಿ "ನನ್ನೊಳಗಿನ ಕಸ" ಎಂದಿದೆ. ನನ್ನ ಮೇಲಿನ ಪ್ರೀತಿಗೆ "ಅಂಟು" ಎಂಬ ಹೆಸರಿದೆ. ಚೀನಾದ ಸೆರೆಯಲ್ಲಿ ಮನಃಪರಿವರ್ತನೆಗೆ ಒಳಗಾಗಿ ಬಂದವರನ್ನು ಮಾತನಾಡಿಸಿದ ಮನೋವೈದ್ಯ ರಾಬರ್ಟ್ ಲಿಫ್ಟನ್ 1961ರಲ್ಲಿ ಇಂಥ ಹಿಡಿತದ ಎಂಟು ಲಕ್ಷಣಗಳನ್ನು ಗುರುತಿಸಿದ. ಎಂಟನ್ನೂ ಬರೆದು ನಿನಗೆ ಬೇಸರ ತರಿಸುವುದಿಲ್ಲ. ಒಂದು ಈ ಭಾಷೆ: ಯೋಚನೆ ಹುಟ್ಟುವ ಮೊದಲೇ ಅದರ ಬಾಯಿ ಮುಚ್ಚುವ ಸಿದ್ಧಪದಗಳು. ಇನ್ನೊಂದು ಕೊನೆಯಿಲ್ಲದ ತಪ್ಪೊಪ್ಪಿಗೆ. ಬೆಳಿಗ್ಗೆ ನಿನ್ನ ತಪ್ಪುಗಳನ್ನು ಬರೆದು ಹಿರಿಯಕ್ಕನಿಗೆ ಕೊಡುವ ಆ ನೀಲಿ ಪುಸ್ತಕ ಈಗ ಯಾರ ಬೀರುವಿನಲ್ಲಿದೆ? ಅವರ ತಪ್ಪುಗಳ ಪುಸ್ತಕವನ್ನು ನೀನು ಎಂದಾದರೂ ಓದಿದ್ದೀಯಾ? ಗುಟ್ಟು ಕೆಳಗಿನಿಂದ ಮೇಲಕ್ಕೆ ಮಾತ್ರ ಹರಿಯುವುದಾದರೆ, ಹಣವೂ ಹಾಗೆಯೇ ಹರಿಯುವುದಾದರೆ, ಮೇಲಿರುವವರು ಯಾರಿಗೂ ಲೆಕ್ಕ ಕೊಡಬೇಕಿಲ್ಲ ಎಂದಾದರೆ, ಬಾಗಿಲ ಮೇಲೆ ಬರೆದಿರುವ ದೇವರ ಹೆಸರು ಯಾವುದಾದರೇನು.

ನಿನ್ನ ತಲೆ ಕೆಡಿಸಿದ್ದಾರೆ ಎಂದು ಬಂಧುಗಳು ಹೇಳುತ್ತಾರೆ. ನಾನು ಒಪ್ಪುವುದನ್ನು ನಿಲ್ಲಿಸಿದ್ದೇನೆ. ಸಮಾಜಶಾಸ್ತ್ರಜ್ಞೆ ಐಲೀನ್ ಬಾರ್ಕರ್ ಕೊರಿಯಾದಲ್ಲಿ ಹುಟ್ಟಿದ ಯೂನಿಫಿಕೇಶನ್ ಚರ್ಚ್ ಎಂಬ ಪಂಥದ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿ 1984ರಲ್ಲಿ ಪ್ರಕಟಿಸಿದರು. ಜನರನ್ನು ಮೋಡಿ ಮಾಡಿ ಸೆಳೆಯುತ್ತಾರೆ ಎಂಬ ಆರೋಪವಿದ್ದ ಆ ಸಂಸ್ಥೆಯ ಶಿಬಿರಗಳಿಗೆ ಹೋದ ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ಸೇರದೆಯೇ ಹಿಂದಿರುಗಿದ್ದರು; ಸೇರಿದವರಲ್ಲೂ ಬಹಳ ಮಂದಿ ಕೆಲವೇ ವರ್ಷಗಳಲ್ಲಿ ತಾವಾಗಿಯೇ ಬಿಟ್ಟರು. ಎಂದರೆ ಯಾರೂ ಕೀಲಿಕೊಟ್ಟ ಗೊಂಬೆಗಳಲ್ಲ. ನೀನು ಏನನ್ನೋ ಹುಡುಕಿಕೊಂಡು ಹೋದೆ, ಅದು ಅಲ್ಲಿ ಸಿಕ್ಕಿತು ಎನಿಸಿತು, ನಿಂತೆ. ಅದು ಈ ಮನೆಯಲ್ಲಿ ಏಕೆ ಸಿಗಲಿಲ್ಲ ಎಂದು ಕೇಳಿಕೊಳ್ಳಬೇಕಾದವಳು ನಾನು. 1970ರ ದಶಕದಲ್ಲಿ ಅಮೆರಿಕದ ಎಷ್ಟೋ ತಂದೆತಾಯಿಗಳು ಬೆಳೆದ ಮಕ್ಕಳನ್ನು ಇಂಥ ಗುಂಪುಗಳಿಂದ ಹೊತ್ತು ತರಿಸಿ, ಕೋಣೆಯಲ್ಲಿ ಕೂಡಿಹಾಕಿ, ನಂಬಿಕೆ ಬಿಡುವವರೆಗೂ ವಾದ ಮಾಡಿಸಿದರು. ಆ ಆಲೋಚನೆ ನನ್ನ ತಲೆಗೂ ಬಂದಿತ್ತು. ನಿನ್ನ ಅಪ್ಪ, ಬೀಗ ಯಾರ ಕೈಯಲ್ಲಿದ್ದರೂ ಬೀಗವೇ ಅಲ್ಲವೇ ಎಂದರು. ಅವರು ಅಪರೂಪಕ್ಕೆ ಮಾತನಾಡುತ್ತಾರೆ.

ಇಷ್ಟು ಬರೆದ ಮೇಲೆ ನಾನು ಬರೆಯುವುದಿಲ್ಲವೆಂದ ಮಾತನ್ನು ಬರೆಯಲೇಬೇಕಾಗಿದೆ. 1656ರ ಜುಲೈ 27ರಂದು ಆಮ್‌ಸ್ಟರ್‌ಡ್ಯಾಮಿನ ಯಹೂದಿ ಸಮುದಾಯ, ಮುಂದೆ ದೊಡ್ಡ ತತ್ವಜ್ಞಾನಿಯೆನಿಸಿದ ಬರೂಖ್ ಸ್ಪಿನೋಜಾನನ್ನು ಬಹಿಷ್ಕರಿಸಿತು. ಅವನಿಗೆ ಆಗ 23 ವರ್ಷ, ನಿನಗಿಂತ ಮೂರು ವರ್ಷ ಚಿಕ್ಕವನು. ಯಾರೂ ಅವನೊಡನೆ ಮಾತನಾಡಬಾರದು, ಪತ್ರ ಬರೆಯಬಾರದು, ಒಂದೇ ಸೂರಿನಡಿ ಇರಬಾರದು, ಅವನ ನಾಲ್ಕು ಮೊಳದ ಹತ್ತಿರಕ್ಕೂ ಹೋಗಬಾರದು, ಅವನು ಬರೆದದ್ದನ್ನು ಓದಬಾರದು ಎಂಬುದು ಆದೇಶ. ಆ ಸಮುದಾಯದವರು ಕ್ರೂರಿಗಳಾಗಿರಲಿಲ್ಲ. ಪೋರ್ಚುಗಲ್ಲಿನ ಧರ್ಮವಿಚಾರಣೆಯ ಕಾಟದಿಂದ ಪಾರಾಗಿ ಬಂದು, ಇದ್ದ ನೆಲೆಯೂ ತಪ್ಪೀತೆಂಬ ಭಯದಲ್ಲಿದ್ದವರು. ಭಯ ಬಿದ್ದ ಧರ್ಮವೂ ಒಂದು ದಿನದ ಮಟ್ಟಿಗೆ ಕಲ್ಟಿನ ಮಾತನ್ನೇ ಆಡುತ್ತದೆ. ಇದನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆ ರಾತ್ರಿ ನೀನು ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಾಗ, "ಹೊಸ್ತಿಲು ದಾಟಿದರೆ ಈ ಮನೆಗೆ ಮತ್ತೆ ಬರಬೇಡ" ಎಂದದ್ದು ನಾನೇ. ನಿನ್ನ ಹಿರಿಯಕ್ಕನೂ ಬಿಟ್ಟುಹೋಗುವವರಿಗೆ ಇದನ್ನೇ ಹೇಳುತ್ತಿರಬಹುದು.

ಇನ್ನೊಂದು ಮಾತು ನನಗೆ ಹೊಳೆದದ್ದು ಮೊನ್ನೆ, ಆ ಕುರ್ಚಿಗಳನ್ನು ಇಟ್ಟುಕೊಂಡು ನೋಡುವಾಗ. ನಿನ್ನ ಆ ನೋಟ ನನಗೆ ಹೊಸದಲ್ಲ. ನಿನಗೆ ಹತ್ತು, ಹನ್ನೊಂದು ವರ್ಷವಿದ್ದಾಗ ಯಾರಾದರೂ ಏನನ್ನಾದರೂ ಕೇಳಿದರೆ ಉತ್ತರಕ್ಕೆ ಮೊದಲು ನೀನು ನನ್ನ ಮುಖ ನೋಡುತ್ತಿದ್ದೆ. ಎಷ್ಟು ವಿಧೇಯ ಮಗು ಎಂದು ಎಲ್ಲರೂ ಮೆಚ್ಚಿಕೊಳ್ಳುತ್ತಿದ್ದರು. ನಾನೂ ಬೀಗುತ್ತಿದ್ದೆ.

ಆ ರಾತ್ರಿಯ ಮಾತನ್ನು ಹಿಂದಕ್ಕೆ ಪಡೆದಿದ್ದೇನೆ. ನೀನು ಅಲ್ಲಿಯೇ ಇದ್ದರೂ, ಒಂದು ವರ್ಷದ ಮೇಲೆ ಬಂದರೂ, ಅರ್ಧ ನಂಬಿಕೆ ಅಲ್ಲಿಟ್ಟು ಅರ್ಧ ಇಲ್ಲಿಗೆ ತಂದರೂ ಈ ಮನೆಯಲ್ಲಿ ಯಾರೂ ಕಾರಣ ಕೇಳುವುದಿಲ್ಲ. ನಾನು ಕೇಳಲು ಬಾಯಿ ತೆರೆದರೆ ನಿನ್ನ ಅಪ್ಪ ಕಾಲು ತುಳಿಯುತ್ತಾರೆಂದು ಒಪ್ಪಂದವಾಗಿದೆ. ಹಣದ ವಿಷಯದಲ್ಲಿ ಮಾತ್ರ, ಎಲ್ಲವನ್ನೂ ಒಂದೇ ಸಲ ಬರೆದುಕೊಡಬೇಡ, ಆರು ತಿಂಗಳು ತಡೆ. ಕೊಡುವುದು ನಿಜವಾಗಿಯೂ ನಿನ್ನ ಇಚ್ಛೆಯಾಗಿದ್ದರೆ ಆರು ತಿಂಗಳ ಮೇಲೂ ಅದು ಹಾಗೆಯೇ ಇರುತ್ತದೆ. ನೋಡು, ಮತ್ತೆ ಶುರುಮಾಡಿದೆ.

ತಿಂಗಳು ಮುಗಿಯುವ ಮೊದಲು ಇನ್ನೊಂದು ಭೇಟಿಯ ದಿನವಿದೆ, ನಾವಿಬ್ಬರೂ ಬರುತ್ತೇವೆ. ಗೇಟಿನವರೆಗೆ ನಡೆದು ಬರೋಣವೇ ಎಂದು ಮತ್ತೆ ಕೇಳುತ್ತೇನೆ. ಬರುವುದಿಲ್ಲ ಎಂದರೂ ಬೇಸರವಿಲ್ಲ, ಆದರೆ ಹಿರಿಯಕ್ಕನ ಕಡೆಗಾಗಲಿ ನನ್ನ ಮುಖದ ಕಡೆಗಾಗಲಿ ನೋಡದೆ ಹೇಳು. ಗಡಿಯಾರ ಬೇಕಾದರೆ ನೋಡಿಕೋ.

ಇಂತಿ,
ನಿನ್ನ ಅಮ್ಮ