ಟಾಲ್‌ಸ್ಟಾಯ್ ಜೊತೆ ಜಗಳ ಆಡಲು ಕಲಿಸಿದವರಿಗೆ

ಕಳೆದ ಭಾನುವಾರ ನಮ್ಮ ಓದುವ ಗುಂಪು ಟಾಲ್‌ಸ್ಟಾಯ್ ಬರೆದ ‘ಯುದ್ಧ ಮತ್ತು ಶಾಂತಿ’ ಮುಗಿಸಿತು. ನೆಪೋಲಿಯನ್ 1812ರಲ್ಲಿ ರಷ್ಯಾದ ಮೇಲೆ ದಂಡೆತ್ತಿ ಬಂದ ಕಾಲದ ಕಾದಂಬರಿ ಅದು. ಕೊನೆಯಲ್ಲಿ ಬರುವ ಇತಿಹಾಸದ ಆ ಉದ್ದ ಪ್ರವಚನವನ್ನೂ ಬಿಡಲಿಲ್ಲ. ಅದನ್ನು ಓದಿದವರಿಗೆ ಬೇರೆಯೇ ಸನ್ಮಾನ ಮಾಡಬೇಕು ಬಿಡಿ. ಒಬ್ಬಳೇ ಓದಿದ್ದರೆ ನಾನು ಮೊದಲ ಸಂಪುಟದಲ್ಲೇ ಬರುವ ಆಸ್ಟರ್ಲಿಟ್ಸ್ ಯುದ್ಧವನ್ನೂ ದಾಟುತ್ತಿರಲಿಲ್ಲ.

ಮೊದಲ ನಮಸ್ಕಾರ ಓ.ಎಲ್. ನಾಗಭೂಷಣ ಸ್ವಾಮಿ ಅವರಿಗೆ. ಅವರ ಅನುವಾದ ಇಲ್ಲದಿದ್ದರೆ ನಮ್ಮಲ್ಲಿ ಅರ್ಧ ಜನ ಈ ಪುಸ್ತಕದ ಹತ್ತಿರವೂ ಸುಳಿಯುತ್ತಿರಲಿಲ್ಲ.

ಆಮೇಲೆ ನಮ್ಮ ಇತಿಹಾಸದ ಮೇಷ್ಟ್ರು. ನಿವೃತ್ತರಾದರೂ ಪಾಠ ಬಿಟ್ಟಿಲ್ಲ. ಪ್ರತಿ ವಾರ ನಕಾಶೆ ತಂದು ಹರಡುತ್ತಿದ್ದರು. ‘ಕಾದಂಬರಿ ಸಾರ್, ಸುಮ್ನೆ ಓದೋಣ’ ಅಂದರೆ ಕೇಳಬೇಕಲ್ಲ! ಟಾಲ್‌ಸ್ಟಾಯ್ ಹುಟ್ಟಿದ್ದು 1828ರಲ್ಲಿ, ನೆಪೋಲಿಯನ್ ರಷ್ಯಾಕ್ಕೆ ನುಗ್ಗಿ 16 ವರ್ಷವಾದ ಮೇಲೆ ಎಂದು ನೆನಪಿಸಿದ್ದು ಅವರೇ. ಹಾಗಂತ ಯುದ್ಧ ಕಾಣದ ಮನುಷ್ಯನಲ್ಲ. ಕ್ರಿಮಿಯಾ ಯುದ್ಧದಲ್ಲಿ, ಸೆವಾಸ್ಟೊಪೋಲ್‌ನಲ್ಲಿ ಫಿರಂಗಿ ದಳದಲ್ಲಿದ್ದವನು. 1867ರಲ್ಲಿ, 1812ರ ದೊಡ್ಡ ಕಾಳಗ ನಡೆದ ಬೊರೊಡಿನೊ ಬಯಲಿಗೆ ಹೋಗಿ, ನೆಲ ಸುತ್ತಿ ನೋಡಿಕೊಂಡು ಬಂದವನು.

ಆದರೂ ಪುಸ್ತಕ ಅಚ್ಚಾಗುತ್ತಿದ್ದಾಗಲೇ ತಕರಾರು ಬಂತು. 1868ರಲ್ಲಿ ಅದನ್ನು ಟೀಕಿಸಿ ಬರೆದವರಲ್ಲಿ ಅವ್ರಾಮ್ ನೊರೊವ್ ಒಬ್ಬ. ಆತ ಬೊರೊಡಿನೊದಲ್ಲೇ ಕಾಲು ಕಳೆದುಕೊಂಡವನು. ಅಲ್ಲಿ ಕಾದಿದ ನಮ್ಮ ದಳಪತಿಗಳನ್ನು ಹೀಗೆ ಸಣ್ಣವರನ್ನಾಗಿ ಮಾಡಿದ್ದೀಯಲ್ಲ ಎನ್ನುವುದು ಅವನ ಸಂಕಟ. ಮೇಷ್ಟ್ರು ಇದನ್ನು ಹೇಳಿದ ದಿನ ನಾವು ಯಾರೂ ಟಾಲ್‌ಸ್ಟಾಯ್ ಪರ ಮಾತಾಡಲಿಲ್ಲ.

ರಷ್ಯಾದ ಸೇನಾನಾಯಕ ಕುಟುಜೋವ್ ವಿಷಯದಲ್ಲಿ ಮಾತ್ರ ಸುಲಭಕ್ಕೆ ತೀರ್ಪು ಕೊಡಲು ಆಗುವುದಿಲ್ಲ. ಆಸ್ಟರ್ಲಿಟ್ಸ್‌ನ ಹಿಂದಿನ ರಾತ್ರಿ, ಯುದ್ಧದ ಸಭೆಯಲ್ಲಿ ಆ ಮುದುಕ ಗೊರಕೆ ಹೊಡೆಯುತ್ತಾನಲ್ಲ, ಅದು ಕಟ್ಟುಕಥೆ ಎಂದುಕೊಂಡು ನಕ್ಕಿದ್ದೆವು. ಅಲ್ಲೇ ಇದ್ದ ಸೇನಾಪತಿ ಲಾಂಜೆರಾನ್ ತನ್ನ ನೆನಪುಗಳಲ್ಲಿ ಅದನ್ನು ಬರೆದಿದ್ದಾನಂತೆ! ಮಾಸ್ಕೋ ಪಕ್ಕದ ಹಳ್ಳಿ ಫಿಲಿಯಲ್ಲಿ ನಡೆದ ಸಭೆಯದು ಇದರ ಉಲ್ಟಾ ಕತೆ. 1812ರ ಸೆಪ್ಟೆಂಬರ್ 13ರಂದು ಮಾಸ್ಕೋ ಬಿಟ್ಟುಕೊಡಲು ತೀರ್ಮಾನಿಸಿದ ಆ ಸಭೆಯನ್ನು ಟಾಲ್‌ಸ್ಟಾಯ್, ಮೇಲೆ ಮಲಗಲೂ ಆಗುವಂಥ ದೊಡ್ಡ ರಷ್ಯನ್ ಒಲೆಯ ಮೇಲೆ ಕೂತ ಮಾಲಾಶಾ ಎಂಬ ಪುಟ್ಟ ಹುಡುಗಿಯ ಕಣ್ಣಲ್ಲಿ ತೋರಿಸುತ್ತಾನೆ. 1880ರಲ್ಲಿ ಕಲಾವಿದ ಕಿವ್ಶೆಂಕೊ ಆ ಸಭೆಯ ಚಿತ್ರ ಬರೆದಾಗ ಒಲೆಯ ಮೇಲೆ ಅವಳನ್ನೂ ಕೂರಿಸಿಬಿಟ್ಟ. ಕಾದಂಬರಿಯ ಮಗು ಇತಿಹಾಸದ ಚಿತ್ರದಲ್ಲಿ ಜಾಗ ಹಿಡಿದುಬಿಟ್ಟಳು. ಇಡೀ ಓದಿನಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟ ಸಂಗತಿ ಇದೇ.

ನಮ್ಮ ಡಾಕ್ಟ್ರಮ್ಮನಿಗೂ ಥ್ಯಾಂಕ್ಸ್. ‘ನೆಪೋಲಿಯನ್‌ನನ್ನು ಸೋಲಿಸಿದ್ದು ಚಳಿ’ ಎಂದು ಯಾರಾದರೂ ಅಂದರೆ ಅವರಿಗೆ ಸಿಟ್ಟು. ಚಳಿ ಬೀಳುವ ಮೊದಲೇ, ಬೇಸಿಗೆಯ ಸೆಕೆ, ಹಸಿವು, ಭೇದಿ, ಹೇನಿನಿಂದ ಹರಡುವ ಟೈಫಸ್ ಆ ಸೈನ್ಯವನ್ನು ಹಣ್ಣು ಮಾಡಿದ್ದವು ಎಂದು ಬಿಡಿಸಿ ಹೇಳಿದರು. ಗುಂಡಿಗಿಂತ ಹೇನು ದೊಡ್ಡದು ಎಂದು ನಾವು ಶಾಲೆಯಲ್ಲಿ ಓದಿರಲಿಲ್ಲ, ಅಲ್ವಾ?

ಇನ್ನು ನಮ್ಮತ್ತೆ. ಓದು ನಡೆದಿದ್ದೇ ನಮ್ಮನೆ ಜಗಲಿಯಲ್ಲಿ. ಕಥಾನಾಯಕಿ ನತಾಶಾ ಬಂದರೆ ಕೂರುತ್ತಿದ್ದರು, ಯುದ್ಧ ಬಂದರೆ ಕಾಫಿಗೆ ಏಳುತ್ತಿದ್ದರು. ಮಾಸ್ಕೋ ಉರಿದಾಗ ಮಾತ್ರ ಒಳಗಿನಿಂದಲೇ ‘ಬೆಂಕಿ ಹಚ್ಚಿದ್ದು ಯಾರು?’ ಎಂದು ಕೇಳಿದರು. ಜನ ಬಿಟ್ಟುಹೋದ ಮರದ ಊರು ತಾನಾಗೇ ಉರಿಯುತ್ತದೆ ಎನ್ನುವುದು ಟಾಲ್‌ಸ್ಟಾಯ್ ಉತ್ತರ. ಗವರ್ನರ್ ರೊಸ್ತೊಪ್ಚಿನ್ ಬೆಂಕಿ ಆರಿಸುವ ಪಂಪುಗಳನ್ನೇ ಊರಿನಿಂದ ಸಾಗಿಸಿದ್ದ, 1823ರಲ್ಲಿ ಪುಸ್ತಿಕೆ ಬರೆದು ‘ನಾನಲ್ಲ’ ಎಂದ ಎಂದು ಮೇಷ್ಟ್ರು ಸೇರಿಸಿದರು. ‘ಪಂಪು ಸಾಗಿಸಿದವನಿಗೆ ಉರಿಯುತ್ತೆ ಅಂತ ಗೊತ್ತಿರಲಿಲ್ವೇನು?’ ಅಂದರು ಅತ್ತೆ. ಆ ದಿನದ ಚರ್ಚೆ ಅಲ್ಲಿಗೆ ಮುಗಿಯಿತು.

ಒಂದು ಜಗಳ ಬಾಕಿ ಇದೆ. ಕುಟುಜೋವ್‌ಗಿಂತ ಮೊದಲು ರಷ್ಯಾದ ಸೇನೆ ನಡೆಸಿ, ಹಿಂದೆ ಸರಿದು ಸೈನ್ಯ ಉಳಿಸಿದ ಬಾರ್ಕ್ಲೇಗೆ ಕಾದಂಬರಿಯಲ್ಲಿ ನ್ಯಾಯ ಸಿಕ್ಕಿಲ್ಲ. ಇದನ್ನು ನಾನೂ ಒಪ್ಪುತ್ತೇನೆ. ಲೆಕ್ಕ ಹಾಕಿ ಹಿಂದೆ ಸರಿದವನನ್ನು ಒಪ್ಪಿಕೊಂಡರೆ, ಯುದ್ಧ ಯಾರ ಲೆಕ್ಕದಂತೆಯೂ ನಡೆಯುವುದಿಲ್ಲ ಎಂಬ ಟಾಲ್‌ಸ್ಟಾಯ್ ವಾದವೇ ಬೀಳುತ್ತದೆ. ಮೇಷ್ಟ್ರು ಇದನ್ನು ಮೋಸ ಅನ್ನುತ್ತಾರೆ. ನನಗೆ ಅದು ಕಾದಂಬರಿಕಾರನ ಹಟ, ಅಷ್ಟೇ. ಸಾರ್, ಬಾರ್ಕ್ಲೇ ಬಗ್ಗೆ ಪುಸ್ತಕ ತರುತ್ತೇನೆ ಅಂದಿದ್ದಿರಿ. ಭಾನುವಾರ ತನ್ನಿ, ಕಾಫಿಗೆ ಅತ್ತೆ ಇದ್ದಾರೆ.